ದೊಡ್ಡಕ್ಕೋರ ಷರಾ

ಹಾಲಿನ ಪುಡಿ ಈ ಸಲ ಗಂಟುಗಂಟಾಗಿ ಬಂದಿತ್ತು. ಬಿಸಿನೀರಿಗೆ ಸುರಿದು ಎಷ್ಟು ತಿರುವಿದರೂ ಕರಗದೆ ಬೋಗುಣಿಯ ಅಂಚಿಗೆ ಹೋಗಿ ಅಂಟಿಕೊಳ್ಳುತ್ತಿದ್ದ ಗಂಟುಗಳನ್ನು ವಿಶಾಲಮ್ಮ ಸೌಟಿನ ಬೆನ್ನಿನಲ್ಲಿ ಒಂದೊಂದಾಗಿ ಒತ್ತಿ ಒಡೆಯುತ್ತಿದ್ದಳು. ಶನಿವಾರದ ಬೆಳಗಿನ ಶಾಲೆ, ಹಾಲು ಕುಡಿಸಿ ಮಕ್ಕಳನ್ನು ಮನೆಗೆ ಬಿಡುವುದು. ಜಗಲಿಯ ಈ ತುದಿಗೆ ಅವಳ ಬೋಗುಣಿ, ಆ ತುದಿಗೆ ಪುಷ್ಪಮ್ಮನದು. ಒಂದೇ ಹಂಡೆಯ ನೀರು, ಒಂದೇ ಮೂಟೆಯ ಪುಡಿ, ಸಕ್ಕರೆ ಎರಡಕ್ಕೂ ಇಲ್ಲ. ಆದರೂ ಸಾಲು ನೋಡಿದರೆ ಅಲ್ಲಿ ಮೂವತ್ತು ಮಕ್ಕಳು ಒಬ್ಬರ ಬೆನ್ನಿಗೊಬ್ಬರು ಒತ್ತಿಕೊಂಡು, ಲೋಟ ಬಡಿದುಕೊಂಡು ನಿಂತಿದ್ದವು, ಇಲ್ಲಿ ಎಂಟು. ಆ ಎಂಟರಲ್ಲಿ ನಾಲ್ಕನ್ನು ಪುಷ್ಪಮ್ಮನೇ ಕಳಿಸಿದ್ದು. "ಹೋಗ್ರೇ, ದೊಡ್ಡಕ್ಕೋರ ಹತ್ರ ಜಾಗ ಖಾಲಿ ಇದ್ಯಲ್ಲ" ಅಂತ ಅವಳು ಅಂದದ್ದು ವಿಶಾಲಮ್ಮನ ಕಿವಿಗೆ ಬಿದ್ದಿತ್ತು. ಖಾಲಿ ಇದೆ ಅಂತ ಹೇಳದೆ ಕಳಿಸಬಹುದಿತ್ತಲ್ಲ. ಆ ನಾಲ್ವರಲ್ಲಿ ಮುಂದೆ ನಿಂತಿದ್ದ ಹುಡುಗಿ ಲೋಟ ಚಾಚಿದ್ದು ಈ ಕಡೆಗೆ, ಕಣ್ಣಿದ್ದದ್ದು ಆ ಕಡೆಗೆ. ವಿಶಾಲಮ್ಮ ಸುರಿದ ಹಾಲು ಅರ್ಧ ಅವಳ ಕೈಮೇಲೆ ಹೋಯಿತು. "ನೆಟ್ಟಗೆ ಹಿಡಿಯೋಕೆ ಆಗಲ್ವಾ?" ಅಂತ ಗದರಿದ ಮೇಲೆ ತನ್ನ ದನಿ ತನಗೇ ಹಳೇ ಬಾಗಿಲಿನ ಕೀಲಿನ ಹಾಗೆ ಕೇಳಿಸಿತು. ಅಲ್ಲಿ ಯಾವುದೋ ಮಗು ಹಾಲು ಚೆಲ್ಲಿತು, ಪುಷ್ಪಮ್ಮ ನಕ್ಕಳು, ಮೂವತ್ತು ಮಕ್ಕಳೂ ನಕ್ಕವು.

ಲೋಟಗಳೆಲ್ಲ ಖಾಲಿಯಾಗಿ ಮಕ್ಕಳು ಅಂಗಳಕ್ಕೆ ಇಳಿದ ಮೇಲೆ ಪುಷ್ಪಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದಳು. ಮಕ್ಕಳ ಎದುರಿಗೆ ಮೇಡಂ, ಯಾರೂ ಇಲ್ಲದಾಗ ಅಕ್ಕ.

"ಅಕ್ಕಾ, ಸಾಗರದಿಂದ ಏನಾದ್ರೂ ಬಂತಾ?"

"ಬಂದಿದ್ರೆ ಹೇಳ್ತಿರ್ಲಿಲ್ವೇನೇ? ಸರ್ಕಾರದ ಕೆಲಸ. ಕಳಿಸಿದ ಕೂಡ್ಲೇ ಉತ್ರ ಬರೋಕೆ ಅದೇನು ಅತ್ತೆ ಮನೆಯಾ?"

"ಅಲ್ಲ, ನೀವು ಕಳ್ಸಿ ಮೂರು ವಾರ ಆಯ್ತಲ್ಲ, ಅದಕ್ಕೆ ಕೇಳ್ದೆ" ಅಂದು ಪುಷ್ಪಮ್ಮ ತಾನೇ ನಾಚಿಕೊಂಡವಳಂತೆ ಎರಡೂ ಬೋಗುಣಿಗಳನ್ನು ಒಂದರೊಳಗೊಂದು ಇಟ್ಟುಕೊಂಡು ಬಾವಿಯ ಕಡೆಗೆ ಹೋದಳು. ದೊಡ್ಡವಳ ಬೋಗುಣಿಯನ್ನೂ ಅವಳೇ ತೊಳೆಯುವುದು. ಹೇಳಿಸಿಕೊಂಡು ತೊಳೆಯುವುದಲ್ಲ, ಹಾಗೇ ತೊಳೆಯುವುದು. ಅದೂ ಒಂದು.

ಕಾಗದ ಹೋಗಿರಲಿಲ್ಲ. ಮೇಜಿನ ಖಾನೆಯಲ್ಲಿ, ಸೀಮೆಸುಣ್ಣದ ಡಬ್ಬಿಯ ಅಡಿಯಲ್ಲಿ, ಎರಡು ಮಡಿಕೆಯಾಗಿ, ಪುಷ್ಪಮ್ಮ ಅದನ್ನು ಕೊಟ್ಟ ದಿನ ಇಟ್ಟಲ್ಲೇ ಇತ್ತು. ಕೊಟ್ಟದ್ದು ಜನವರಿಯಲ್ಲಿ, ಈಗ ಮಾರ್ಚಿ ಅರ್ಧ ಕಳೆದಿದೆ. ಸಂಬಳ ಮುರಿಯುವ ಆರ್ಡರಿನಲ್ಲಿ ಮೇಲ್ಮನವಿಗೆ ಕೊಟ್ಟದ್ದು ಅರವತ್ತು ದಿನ. ಇವತ್ತಿಗೆ ಐವತ್ತೆಂಟು. ಈ ಲೆಕ್ಕವನ್ನು ವಿಶಾಲಮ್ಮ ಯಾರಿಗೂ ಹೇಳದೆ ದಿನಾ ಬೆಳಿಗ್ಗೆ ಹಾಜರಿ ಕೂಗುವಾಗ ಮನಸ್ಸಿನಲ್ಲಿ ಒಂದು ಸೇರಿಸಿಕೊಂಡು ಬಂದಿದ್ದಳು. ಇವತ್ತು ರಿಪ್ಪನ್‌ಪೇಟೆ ಅಂಚೆಗೆ ಹಾಕಿದರೆ ಸೋಮವಾರ ಸಾಗರ ಮುಟ್ಟುತ್ತದೆ. ಹಾಕದಿದ್ದರೆ ಮುಗಿಯಿತು, ಇವಳು ಏನೂ ಮಾಡುವುದೇ ಬೇಡ, ತಾನಾಗಿ ಮುಗಿಯುತ್ತದೆ. ಏನೂ ಮಾಡದೆ ಒಬ್ಬರಿಗೆ ಇಷ್ಟು ಕೆಡುಕು ಮಾಡಲು ಬರುತ್ತದೆ ಅಂತ ಅವಳಿಗೆ ನಲವತ್ನಾಲ್ಕನೇ ವಯಸ್ಸಿನಲ್ಲಿ ಗೊತ್ತಾದದ್ದು.

ಎಲ್ಲಾ ಆ ಚಳಿಜ್ವರದ ಭತ್ಯೆಯಿಂದ. ಆಫೀಸಿನ ಕಾಗದದಲ್ಲಿ ಅದಕ್ಕೆ ಕೆಟ್ಟ ಹವೆಯ ಭತ್ಯೆ ಅಂತ ಹೆಸರು, ಮಾಸ್ತರುಗಳ ಬಾಯಲ್ಲಿ ಚಳಿಜ್ವರದ್ದು. ತಿಂಗಳಿಗೆ ಐದು ರೂಪಾಯಿ. ಕಾಡಿನ ಊರುಗಳಿಗೆ ಬರಲು ಮಾಸ್ತರುಗಳು ಹೆದರುತ್ತಿದ್ದ ಕಾಲದಲ್ಲಿ ಶುರುವಾದದ್ದು, ಯಾವ ಯಾವ ಊರಿಗೆ ಅಂತ ಒಂದು ಪಟ್ಟಿ. ಹೊಳೆದಂಡೆಯ ಹೊನ್ನೆಕಡವು ಪಟ್ಟಿಯಲ್ಲಿತ್ತು. ಅಣೆಕಟ್ಟಿನ ನೀರು ಏರಿ ಹೊನ್ನೆಕಡವು ಮುಳುಗಿದಾಗ ಅಲ್ಲಿನ ನಲವತ್ತು ಮನೆಯವರು ಗಾಡಿ ಕಟ್ಟಿಕೊಂಡು ರಿಪ್ಪನ್‌ಪೇಟೆಯಿಂದ ಮೂರು ಮೈಲಿ ಈಚೆಯ ಕೆಂಜಿಗುಡ್ಡಕ್ಕೆ ಬಂದರು. ಕೆಂಜಿಗುಡ್ಡ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಶಾಲೆಯ ಸಂಬಳದ ಬಿಲ್ಲಿನ ನೆತ್ತಿಯ ಮೇಲೆ ಇಪ್ಪತ್ತಾರು ತಿಂಗಳು ಹೊನ್ನೆಕಡವು ಅಂತಲೇ ಬರೆದುಹೋಗಿತ್ತು, ಬರೆದದ್ದಕ್ಕೆ ಐದೈದು ರೂಪಾಯಿ ಬಂದಿತ್ತು. ಆಡಿಟ್‌ನವರು ಕೆಂಪು ಮಸಿಯಲ್ಲಿ ಕೇಳಿದ್ದರು, ನೀರಿನೊಳಗಿರುವ ಊರಲ್ಲಿ ಪಾಠ ನಡೆಯುತ್ತಿರುವುದು ಹೇಗೆ ಅಂತ. ತಲಾ ನೂರ ಮೂವತ್ತು, ತಿಂಗಳಿಗೆ ಹತ್ತರಂತೆ ಸಂಬಳದಲ್ಲಿ ಮುರಿದುಕೊಳ್ಳುವುದು ಅಂತ ಆರ್ಡರು ಬಂತು. ಹತ್ತು ರೂಪಾಯಿ ಹೋದರೆ ವಿಶಾಲಮ್ಮನಿಗೆ ಬೆಳಗಿನ ಕಾಫಿ ಹೋಗುತ್ತಿತ್ತು, ಅಷ್ಟೆ. ಪುಷ್ಪಮ್ಮನದು ಹಾಗಲ್ಲ. ಅವಳಿನ್ನೂ ಹಂಗಾಮಿ. ಸರ್ಕಾರಕ್ಕೆ ಬಾಕಿ ಇರುವವರ ಹೆಸರು ಖಾಯಂ ಪಟ್ಟಿಗೆ ಹೋಗುವುದಿಲ್ಲ. ಪಟ್ಟಿಗೆ ಹೋಗದ ಹಂಗಾಮಿಗಳನ್ನು ಏಪ್ರಿಲ್ ಕಳೆದ ಮೇಲೆ ಎಲ್ಲಿ ಜಾಗ ಖಾಲಿ ಇದೆಯೋ ಅಲ್ಲಿಗೆ ಎತ್ತಿಹಾಕುತ್ತಾರೆ. ಹೊನ್ನೆಕಡವಿನಲ್ಲೇ ಹುಟ್ಟಿ, ಅಲ್ಲಿನ ಶಾಲೆಯಲ್ಲೇ ಕಲಿತು, ಅಲ್ಲೇ ಕಲಿಸಿ, ಊರಿನ ಜೊತೆ ಗಾಡಿಯಲ್ಲಿ ಕೂತು ಬಂದವಳು ಪುಷ್ಪಮ್ಮ. ಅವಳನ್ನು ಈ ಜನದಿಂದ ಕಿತ್ತು ಬೇರೆ ತಾಲೂಕಿಗೆ ಹಾಕುವುದೆಂದರೆ ಏನು ಅಂತ ವಿಶಾಲಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಕಾಗದ ಖಾನೆಯಲ್ಲಿತ್ತು.

ಅವಳು ಕುರ್ಚಿಯಲ್ಲಿ ಕೂತು ಖಾನೆ ಎಳೆದಳು, ಮತ್ತೆ ಮುಚ್ಚಿದಳು. ಕಿಟಕಿಯಾಚೆ ಬಾವಿಕಟ್ಟೆಯ ಮೇಲೆ ಪುಷ್ಪಮ್ಮ ಬೂದಿ ಹಾಕಿ ಬೋಗುಣಿ ತಿಕ್ಕುತ್ತಿದ್ದಳು, ಮನೆಗೆ ಹೋಗದ ನಾಲ್ಕು ಹುಡುಗಿಯರು ಸುತ್ತ ನಿಂತು ಏನೋ ಒದರುತ್ತಿದ್ದವು. ಇಪ್ಪತ್ತೇಳು ವರ್ಷದ ಬೆನ್ನು ಎಷ್ಟು ಸಲೀಸಾಗಿ ಬಾಗುತ್ತದೆ. ಊರವರು ಇಬ್ಬರನ್ನೂ ಅಕ್ಕೋರು ಅಂತಲೇ ಕರೆಯುವುದು. ಇವಳು ಮುಖ್ಯೋಪಾಧ್ಯಾಯಿನಿ, ದೊಡ್ಡಕ್ಕೋರು. ಅವಳು ನಮ್ಮಕ್ಕೋರು. ದೊಡ್ಡ ಅನ್ನುವುದರಲ್ಲಿ ಮರ್ಯಾದೆ ಇದೆ, ಎದ್ದು ನಿಲ್ಲುತ್ತಾರೆ, ಚಾಪೆ ಹಾಸುತ್ತಾರೆ, ಹೊಗೆಸೊಪ್ಪು ಉಗಿದು ಬಂದು ಮಾತಾಡುತ್ತಾರೆ. ಅವಳು ಹೋದರೆ ಎದ್ದು ನಿಲ್ಲುವುದೂ ಇಲ್ಲ, ಹೊಸ್ತಿಲ ಒಳಗಿಂದಲೇ "ಬಾ ಮಾರಾಯ್ತಿ, ಹಲಸಿನ ಹಪ್ಪಳ ಸುಡ್ತಿದೀನಿ" ಅನ್ನುತ್ತಾರೆ. ವಿಶಾಲಮ್ಮನಿಗೆ ಯಾರೂ ಹೊಸ್ತಿಲ ಒಳಗಿಂದ ಕೂಗಿ ಕರೆದದ್ದಿಲ್ಲ. ಅರಳಸುರಳಿಯ ತವರಿನಲ್ಲಿ, ಗಂಡ ಸತ್ತು ಹತ್ತೊಂಬತ್ತಕ್ಕೆ ವಾಪಸು ಬಂದವಳಿಗೆ, ಅತ್ತಿಗೆಯರು ಮರ್ಯಾದೆಯಿಂದಲೇ ಮೊದಲು ಬಡಿಸಿ, ಬೇಗ ಎಬ್ಬಿಸುತ್ತಿದ್ದರು. ತೀರ್ಥಹಳ್ಳಿಗೆ ಓದಲು ಹೋಗುತ್ತೇನೆ ಅಂದ ದಿನ ಯಾರೂ ಬೇಡ ಅನ್ನಲಿಲ್ಲ. ಯಾರಾದರೂ ಬೇಡ ಅನ್ನಲಿ ಅಂತ ಅವಳು ಮಧ್ಯಾಹ್ನದವರೆಗೆ ಟ್ರಂಕಿನ ಮೇಲೆ ಕೂತು ಕಾದಿದ್ದಳು.

ಆ ಹೆಸರನ್ನು ಬಿಲ್ಲಿನಲ್ಲಿ ಬರೆದದ್ದು ಅವಳೇ. ಕೆಂಜಿಗುಡ್ಡಕ್ಕೆ ವರ್ಗವಾಗಿ ಬಂದ ಮೊದಲ ವಾರ, ಶಾಲೆಗೆ ಇನ್ನೂ ಗೋಡೆ ಎದ್ದಿರಲಿಲ್ಲ, ಸೋಗೆ ಹೊದಿಸಿದ ನಾಲ್ಕು ಕಂಬ. ಊರಿನ ಹಿರಿಯ ಕೆರಿಯಪ್ಪ ಮೂರ್ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ಕೈಕಟ್ಟಿ ನಿಂತಿದ್ದ. "ಅಕ್ಕೋರೇ, ಸರ್ಕಾರದೋರು ನಮ್ಮನ್ನ ತಂದು ಕೆಂಜಿಗನ ಹೆಸರಿನ ಗುಡ್ಡದ ಮೇಲೆ ಹಾಕಿದಾರೆ. ನಾವೇನು ಇರುವೇನಾ? ಎಲ್ಲಾದ್ರೂ ಒಂದು ಕಡೆ ನಮ್ಮೂರಿನ ಹೆಸ್ರು ಇರ್ಲಿ. ನಿಮ್ಮ ಶಾಲೇಲಾದ್ರೂ ಇರ್ಲಿ." ಪುಷ್ಪಮ್ಮ ಆಗ ಪಕ್ಕದಲ್ಲೇ ನಿಂತಿದ್ದವಳು ಕಣ್ಣೊರೆಸಿಕೊಂಡಳು. ಈ ಜನಕ್ಕೆ ಇವಳ ಕಣ್ಣೀರು ಸಿಕ್ಕಿದೆ, ನಾನು ಏನು ಕೊಡಲಿ ಅಂತ ವಿಶಾಲಮ್ಮನಿಗೆ ಆ ಕ್ಷಣವೇ ಅನ್ನಿಸಿತ್ತು. ಅವತ್ತು ಸಂಜೆ ಸಂಬಳದ ಬಿಲ್ಲು ಬರೆಯಲು ಕೂತಾಗ ಅವಳ ಕೈ ಶಾಲೆಯ ಹೆಸರಿನ ಜಾಗದಲ್ಲಿ ಒಂದು ಗಳಿಗೆ ನಿಂತು, ಆಮೇಲೆ ದುಂಡಗೆ, ಒತ್ತಿ, ಹೊನ್ನೆಕಡವು ಅಂತ ಬರೆಯಿತು. ಐದು ರೂಪಾಯಿಯ ನೆನಪು ಅವಳಿಗೆ ಖಂಡಿತ ಇರಲಿಲ್ಲ. ತಿಂಗಳ ಕೊನೆಗೆ ಸಂಬಳದಲ್ಲಿ ಬಂದಾಗ ಯಾವುದೋ ಹೊಸ ತುಟ್ಟಿಭತ್ಯೆ ಇರಬೇಕು ಅಂದುಕೊಂಡಳು. ಆಮೇಲೆ ಗೊತ್ತಾದಾಗಲೂ ಹೆಸರು ತಿದ್ದಲು ಕೈ ಬರಲಿಲ್ಲ. ಒಮ್ಮೆ ಬೇಸಿಗೆ ರಜದಲ್ಲಿ ಯಾರಿಗೂ ಹೇಳದೆ ಸಾಗರದ ಬಸ್ಸು ಹತ್ತಿ, ಇಳಿದು, ಕೇಳಿಕೊಂಡು ಕೇಳಿಕೊಂಡು ನಡೆದು, ಹಿನ್ನೀರಿನ ಅಂಚಿಗೆ ಹೋಗಿ ನಿಂತಿದ್ದಳು, ತಿಂಗಳು ತಿಂಗಳೂ ಬರೆಯುವ ಊರನ್ನು ನೋಡಲು. ನೀರು ಇಳಿದಿತ್ತು. ಒಡೆದ ಕೆಸರು, ಬೋಳು ಮರಗಳ ಬುಡ, ಒಂದು ಬಾವಿಯ ಬಾಯಿ. ಇದೇ ಹೊನ್ನೆಕಡವಾ ಅಂತ ಕೇಳಲು ಹತ್ತಿರದಲ್ಲಿ ಒಬ್ಬ ಮನುಷ್ಯ ಇರಲಿಲ್ಲ. ಬೇರೆ ಊರೇ ಇದ್ದಿರಬಹುದು. ಅವಳು ಅಲ್ಲಿ ಕೂತು ತಂದಿದ್ದ ಅವಲಕ್ಕಿ ತಿಂದು ವಾಪಸು ಬಂದಳು.

ಆರ್ಡರು ಬಂದ ಮೇಲೆ ಊರಿಗೆ ಊರೇ ಮರುಗಿದ್ದು ಪುಷ್ಪಮ್ಮನಿಗೆ. ಮನೆಗೊಂದು ಹಿಡಿ ಅಕ್ಕಿ, ದಿನಾ ಅನ್ನಕ್ಕಿಡುವಾಗ ತೆಗೆದಿಟ್ಟು, ಶನಿವಾರ ಶನಿವಾರ ಅಕ್ಕೋರಿಗೆ ಕೊಡುವುದು, ಸಂಬಳ ಮುರಿಯುವುದು ನಿಲ್ಲುವವರೆಗೆ ಅಂತ ಕೆರಿಯಪ್ಪನ ಜಗಲಿಯಲ್ಲಿ ತೀರ್ಮಾನ ಮಾಡಿದರು. ಹೊಳೆದಂಡೆಯ ಊರಿನಲ್ಲಿ ಯಾರ ಮನೆಗೆ ನೀರು ನುಗ್ಗಿದರೂ ಮಾಡುತ್ತಿದ್ದದ್ದಂತೆ. ಅದಕ್ಕೆ ಬುಟ್ಟಿ ಇಡಲು ಜಾಗ ಬೇಕಲ್ಲ, ಶಾಲೆಯಲ್ಲೇ ಇಟ್ಟರು, ದೊಡ್ಡಕ್ಕೋರ ಮೇಜಿನ ಪಕ್ಕ. "ನೀವು ಸ್ವಲ್ಪ ನೋಡ್ಕಳಿ ಅಕ್ಕೋರೇ, ಇಲಿ ಬಾಯಿ ಹಾಕದ ಹಾಗೆ" ಅಂದಿದ್ದಳು ಹುಲಿಯಮ್ಮ, ಎಲ್ಲರಿಗೂ ಅಜ್ಜಿಯಂಥ ಮುದುಕಿ. ಇವಳ ಸಂಬಳವೂ ಮುರಿದಿದೆಯಾ ಅಂತ ಒಬ್ಬರೂ ಕೇಳಲಿಲ್ಲ. ಒಮ್ಮೆ ಅವಳೇ ಬಾಯಿಬಿಟ್ಟು "ನನಗೂ ಹತ್ತು ರೂಪಾಯಿ ಹೋಗಿದೆ ಅಜ್ಜಿ" ಅಂದಾಗ ಹುಲಿಯಮ್ಮ "ಹೌದಾ? ನಿಮಗೇನು ಬಿಡಿ, ದೊಡ್ಡ ಸಂಬಳ. ಒಂದು ಜೀವ" ಅಂದು ಬುಟ್ಟಿಗೆ ಮುಚ್ಚಳ ಹಾಕಿದ್ದಳು. ಸಂಜೆ ಪುಷ್ಪಮ್ಮ ಬಂದು ಅಕ್ಕಿಯನ್ನು ಎರಡು ಪಾಲು ಮಾಡಿ, "ಅಕ್ಕಾ, ನಿಮ್ದೂ ಹೋಗಿದೆ, ಇದು ನಿಮಗೆ" ಅಂತ ಮೊರದಲ್ಲಿ ಹಿಡಿದಳು. ಅವಳಿಗೆ ಒಮ್ಮೆಯಾದರೂ ಕೆಟ್ಟವಳಾಗಲು ಬರುವುದಿಲ್ಲವಲ್ಲ ಅಂತ ವಿಶಾಲಮ್ಮನ ಎದೆ ಉರಿಯಿತು. "ನನಗ್ಯಾಕೆ? ನಾನೇನು ಮುಳುಗಡೆಯೋಳಾ?" ಅಂದುಬಿಟ್ಟಳು. ಪುಷ್ಪಮ್ಮ ಚಾಚಿದ್ದ ಮೊರವನ್ನು ಮೇಜಿನ ಮೇಲಿಟ್ಟಳು. ಆಮೇಲೆ ಏನೂ ಆಗದ ಹಾಗೆ ಮೊರ ಎತ್ತಿಕೊಂಡು ಹೋದಳು. ಆ ರಾತ್ರಿ ತಾನು ಎಲೆಯ ಮುಂದಿನಿಂದ ಅರ್ಧಕ್ಕೇ ಎದ್ದದ್ದು ಪಶ್ಚಾತ್ತಾಪಕ್ಕೋ, ಆ ಅಕ್ಕಿ ತನ್ನದಲ್ಲ ಅನ್ನುವ ಹೊಟ್ಟೆಕಿಚ್ಚಿಗೋ ಅಂತ ವಿಶಾಲಮ್ಮನಿಗೆ ಇವತ್ತಿಗೂ ಬಿಡಿಸಿಕೊಳ್ಳಲು ಆಗಿಲ್ಲ.

ಕಳಿಸಬೇಕು ಅಂತಲೇ ಒಮ್ಮೆ ಹೊರಟಿದ್ದಳು. ಫೆಬ್ರವರಿಯಲ್ಲಿ, ಕಾಗದವನ್ನು ಚೀಲದಲ್ಲಿಟ್ಟುಕೊಂಡು ಸಾಗರದ ಕಚೇರಿಗೇ ಹೋಗಿದ್ದಳು. ಅಲ್ಲಿನ ಗುಮಾಸ್ತ ಗಣೇಶಮೂರ್ತಿ ಒಳ್ಳೆಯ ಮನುಷ್ಯ, ಕೂರಿಸಿ ವಿವರವಾಗಿ ಹೇಳಿದ. "ನೋಡಿ ಮೇಡಂ, ಶಿಕ್ಷಕಿ ನೇರ ಬರೆದ ಅರ್ಜಿ ನಾವು ತಗೊಳ್ಳಲ್ಲ. ನಿಮ್ಮ ಮೂಲಕ ಬರ್ಬೇಕು, ಮೇಲೆ ನಿಮ್ಮ ಷರಾ ಇರ್ಬೇಕು. ತಪ್ಪು ಯಾರದ್ದು ಅಂತ ಒಂದು ಸಾಲು. ಶಿಕ್ಷಕಿಯದ್ದು ತಪ್ಪಿಲ್ಲ ಅಂತ ನೀವು ಬರೆದ್ರೆ ಆಕೆಗೆ ಮಾಫಿ ಆಗತ್ತೆ. ಆದ್ರೆ ಆ ದುಡ್ಡು ಹೋಗೋದೆಲ್ಲಿಗೆ? ತಪ್ಪು ಯಾರದ್ದೋ ಅವರ ತಲೆಗೆ. ಇಬ್ಬರದ್ದೂ. ಸರ್ವಿಸ್ ಪುಸ್ತಕದಲ್ಲೂ ಒಂದು ಗುರುತು ಬೀಳತ್ತೆ. ನೀವೇ ಯೋಚ್ನೆ ಮಾಡಿ." ಯೋಚನೆ ಮಾಡುತ್ತ ಅವಳು ಚೀಲದಲ್ಲಿದ್ದ ಕಾಗದವನ್ನು ಹಾಗೇ ವಾಪಸು ತಂದಳು. ದಾರಿಯುದ್ದಕ್ಕೂ ಮನಸ್ಸಿಗೆ ದುಡ್ಡಿನ ನೆಪ, ಗುರುತಿನ ನೆಪ ಹೇಳಿಕೊಂಡಳು. ಕೆಂಜಿಗುಡ್ಡದ ತಿರುವಿನಲ್ಲಿ ಬಸ್ಸಿಳಿದಾಗ ಪುಷ್ಪಮ್ಮ ಕಾದು ನಿಂತಿದ್ದಳು. "ಕೊಟ್ರಾ ಅಕ್ಕಾ?" ಅಂತ ಕೇಳುವಾಗ ಆ ಮುಖದಲ್ಲಿ ಎಂದೂ ಇರದಿದ್ದ ಒಂದು ದೈನ್ಯ ಇತ್ತು. ಈ ಒಂದು ವಿಷಯದಲ್ಲಾದರೂ ಇವಳು ನನ್ನ ಬಾಗಿಲಲ್ಲಿ ನಿಲ್ಲಬೇಕು ಅನ್ನುವುದು ಎಷ್ಟು ರುಚಿಯಾಗಿತ್ತೆಂದರೆ ವಿಶಾಲಮ್ಮ "ಇನ್ನೂ ಒಂದೆರಡು ಕಾಗದ ಸೇರಿಸ್ಬೇಕಂತೆ, ಕಳಿಸ್ತೀನಿ" ಅಂದಳು. ಆಮೇಲೆ ದಿನಾ ಅದೇ ಪ್ರಶ್ನೆ, ದಿನಾ ಅದೇ ಮುಖ. ಕೊನೆಗೆ ನೋಡಲಾರದೆ, ಕಳಿಸಿದೆ ಅಂತ ಸುಳ್ಳು ಹೇಳಿದಳು.

ಅಂಗಳದಲ್ಲಿ ಜನರ ಸದ್ದಾಯಿತು. ಕೆರಿಯಪ್ಪ, ಹುಲಿಯಮ್ಮ, ಹಿಂದೆ ಹತ್ತು ಹನ್ನೆರಡು ಮಂದಿ. ಹೆಂಗಸರ ಸೊಂಟದಲ್ಲಿ ಶನಿವಾರದ ಅಕ್ಕಿಯ ಮೊರ, ಬಟ್ಟಲು. ಅಕ್ಕಿ ಬುಟ್ಟಿಗೆ ಬಿದ್ದ ಮೇಲೂ ಅವರು ಹೋಗಲಿಲ್ಲ.

"ದೊಡ್ಡಕ್ಕೋರೇ, ಒಂದು ಅರ್ಜಿ ಬರ್ಕೊಡ್ಬೇಕಲ್ಲ" ಅಂದ ಕೆರಿಯಪ್ಪ ಟವೆಲ್ಲು ಹೆಗಲಿಂದ ತೆಗೆದು.

"ಯಾರಿಗೆ?"

"ಸಾಗರದ ಸಾಹೇಬ್ರಿಗೆ. ನಮ್ಮಕ್ಕೋರನ್ನ ಏಪ್ರಿಲ್ ಕಳೆದ್ರೆ ಎತ್ತಿ ಹಾಕ್ತಾರಂತಲ್ಲ, ಸರ್ಕಾರಕ್ಕೆ ಬಾಕಿ ಇದೆ ಅಂತ. ನಿನ್ನೆ ರಿಪ್ಪನ್‌ಪೇಟೆ ಸಂತೇಲಿ ಅದೇ ಸುದ್ದಿ. ಊರಿಗೂರು ಹೆಬ್ಬೆಟ್ಟು ಒತ್ತುತ್ತೀವಿ, ನೀವು ಬರೀರಿ. ನಿಮ್ಮ ಅಕ್ಷರ ಚಂದ."

"ಬಾಕಿ ಬರೋದು ನಮಗೆ ಸರ್ಕಾರದಿಂದ!" ಹುಲಿಯಮ್ಮ ನೆಲದ ಮೇಲೆ ಕೂತೇಬಿಟ್ಟಳು. "ನನ್ನ ಹಿತ್ಲ ಹಲಸಿನ ಮರಕ್ಕೆ ಒಂದು ದಮ್ಮಡಿ ಕೊಟ್ಟಿಲ್ಲ ಆ ಅಣೆಕಟ್ಟಿನೋರು. ಎಣಿಸ್ಕೊಂಡು ಹೋದೋನು ಮರ ಎಣಿಸೋದೇ ಮರ್ತ. ಅದ್ರಲ್ಲಿ ವಜಾ ಹಾಕ್ಕೊಳ್ಳಿ ಅಂತ ಬರೀರಿ."

"ಅಜ್ಜೀ, ಹಲಸಿಗೂ ಸಂಬಳಕ್ಕೂ ಎಲ್ಲಿಯ ಸಂಬಂಧ?" ಹಿಂದಿನಿಂದ ಯಾರೋ ನಕ್ಕರು.

"ಎಲ್ಲಾ ಒಂದೇ ಸರ್ಕಾರ ಅಲ್ವನಾ? ಒಂದು ಕೈಲಿ ಕೊಡ್ಬೇಕು, ಒಂದು ಕೈಲಿ ಕಿತ್ಕೊಳ್ತದೆ. ಕೈ ಎರಡೂ ಒಂದೇ ಮೈಯದ್ದು."

ವಿಶಾಲಮ್ಮ ಕಾಗದ ತೆಗೆದಳು, ಲೇಖನಿಯನ್ನು ಮಸಿಯಲ್ಲಿ ಅದ್ದಿದಳು. ಬರೆಯುವುದಿಲ್ಲ ಅನ್ನಲು ಯಾವ ಕಾರಣವೂ ಇರಲಿಲ್ಲ. ಅವರು ಹೇಳುತ್ತ ಹೋದರು, ಅವಳು ಬರೆಯುತ್ತ ಹೋದಳು. ಪುಷ್ಪಮ್ಮ ಹೆಂಗಸರಿಗೆ ರವಕೆ ಹೊಲಿಯಲು ಕಲಿಸಿದ್ದು. ಗಾಡಿಗಳು ಬಂದ ವರ್ಷ ಜ್ವರದಲ್ಲಿ ಮಲಗಿದ ಮಕ್ಕಳ ಹತ್ತಿರ ಕೂತದ್ದು. ಜ್ವರದ ಸಂಗತಿ ಬೇಡ, ಭತ್ಯೆಯ ಕಥೆ ಮತ್ತೆ ಏಳುತ್ತದೆ ಅಂತ ಒಬ್ಬ ಅಂದ, ಇರಲಿ ಅಂತ ಇನ್ನೊಬ್ಬಳು. ತನ್ನ ದುಂಡು ಅಕ್ಷರದಲ್ಲಿ ಪುಷ್ಪಮ್ಮನ ಹೊಗಳಿಕೆ ಸಾಲು ಸಾಲಾಗಿ ಇಳಿಯುವುದನ್ನು ವಿಶಾಲಮ್ಮ ಯಾರದ್ದೋ ಕೈ ಅನ್ನುವ ಹಾಗೆ ನೋಡುತ್ತಿದ್ದಳು. ನಾನು ಸತ್ತರೆ ಇವರು ಎಷ್ಟು ಸಾಲು ಹೇಳಿಯಾರು ಅಂತ ಲೆಕ್ಕ ಹಾಕಿದಳು. ಒಂದೂವರೆ.

"ಇನ್ನೊಂದು ಬರೀರಿ" ಅಂದ ಕೆರಿಯಪ್ಪ. ಅವನ ದನಿ ಇಳಿದಿತ್ತು. "ಇದು ಮುಖ್ಯ. ಎರಡು ವರ್ಷ ಸರ್ಕಾರದ ಕಾಗ್ದದಲ್ಲಿ ನಮ್ಮೂರ ಹೆಸ್ರು ಉಳಿಸಿದ್ದು ನಮ್ಮಕ್ಕೋರು. ನೀರಲ್ಲಿ ಹೋದ ಊರನ್ನ ಆ ತಾಯಿ ಬಿಲ್ಲಿನಲ್ಲಿ ಬರೆಸಿ ಇಟ್ಟಿದ್ಲು. ಅದಕ್ಕೆ ಈ ಶಿಕ್ಷೆ. ಇದು ತಪ್ಪಾದ್ರೆ ಹೊನ್ನೆಕಡವಿನೋರು ಎಲ್ಲಾ ತಪ್ಪಿತಸ್ಥರು ಅಂತ ಬರೀರಿ."

ಲೇಖನಿ ನಿಂತಿತು. ಸೋಗೆಯ ಶಾಲೆಯಲ್ಲಿ ತನ್ನೆದುರೇ ಕೈಕಟ್ಟಿ ನಿಂತು ಕೇಳಿಕೊಂಡದ್ದು ಅವನಿಗೆ ನೆನಪೇ ಇದ್ದಂತಿರಲಿಲ್ಲ. ಬಾಗಿಲ ಹತ್ತಿರ ಒದ್ದೆ ಕೈಯಲ್ಲಿ ನಿಂತಿದ್ದ ಪುಷ್ಪಮ್ಮ ಒಳಗೆ ಬಂದಳು. "ಅಯ್ಯೋ ಕೆರಿಯಪ್ಪಣ್ಣ, ಅದು ನಾನಲ್ಲ. ಬಿಲ್ಲು ಬರೆಯೋದು ದೊಡ್ಡಕ್ಕೋರು. ಹೆಸ್ರು ಬರೆದದ್ದು ಅವ್ರೇ. ನಾನು ರುಜು ಹಾಕಿದ್ದು ಬಿಟ್ರೆ ಇನ್ನೇನೂ ಮಾಡಿಲ್ಲ."

ಎಲ್ಲರೂ ಒಟ್ಟಿಗೆ ನಕ್ಕರು. ಪ್ರೀತಿಯ ನಗೆ.

"ಕೇಳಿದ್ರಾ? ಇವ್ರು ಯಾವತ್ತು ನಾನು ಮಾಡ್ದೆ ಅಂತ ಬಾಯಿಬಿಟ್ಟಿದಾರೆ!" ಅಂದ ಕೆರಿಯಪ್ಪ.

"ಮತ್ತೆ! ದೊಡ್ಡಕ್ಕೋರು ಯಾಕೆ ಬರೀತಾರೆ?" ಹುಲಿಯಮ್ಮನ ಮಾತಿನಲ್ಲಿ ಕುಹಕ ಇರಲಿಲ್ಲ, ಅದು ಇದ್ದಿದ್ದರೆ ಒಳ್ಳೆಯದಿತ್ತು. "ಅವ್ರು ನಮ್ಮೂರು ಕಂಡವ್ರಾ, ಉಂಡವ್ರಾ? ಪಾಪ, ಅವ್ರಿಗೆ ಯಾವ ಊರಾದ್ರೂ ಒಂದೇ."

ಪುಷ್ಪಮ್ಮ ಮತ್ತೆ ಏನೋ ಹೇಳಲು ಹೋದಳು, ಅವರು ಮತ್ತೆ ನಕ್ಕರು. ನಿಜ ಹೇಳಿ ಅವಳು ಇನ್ನೊಂದು ಮೊಳ ಎತ್ತರವಾದಳು. ವಿಶಾಲಮ್ಮನಿಗೆ ಮೊದಲು ಕಿವಿ ಬಿಸಿಯಾಯಿತು, ಆಮೇಲೆ ಕತ್ತು. ಇಷ್ಟು ದಿನದ ಹೊಟ್ಟೆಕಿಚ್ಚು ಅದರ ಮುಂದೆ ಏನೂ ಅಲ್ಲ. ಸಾಲು ಅವಳದ್ದು, ಹಪ್ಪಳ ಅವಳದ್ದು, ಅಕ್ಕಿ ಅವಳದ್ದು, ನಮ್ಮ ಅನ್ನುವ ಮಾತು ಅವಳದ್ದು. ಇರಲಿ. ನಾನು ಈ ಜನ್ಮದಲ್ಲಿ ಯಾರಿಗೋಸ್ಕರವಾದರೂ ಮಾಡಿದ್ದು ಒಂದೇ ಒಂದು ತಪ್ಪು. ಅದೂ ಅವಳದ್ದಾಗಬೇಕಾ?

ಅವಳು ಬರೆದಿದ್ದ ಹಾಳೆಯನ್ನು ಅಡ್ಡ ಹರಿದಳು.

"ಈ ಅರ್ಜಿ ಬೇಡ."

"ಅಲ್ಲ ಅಕ್ಕೋರೇ, ಹೆಬ್ಬೆಟ್ಟು..."

"ಹೆಬ್ಬೆಟ್ಟೂ ಬೇಡ, ಎಂತದೂ ಬೇಡ. ನನ್ನ ರುಜು ಸಾಕು. ಬರೆಯೋದನ್ನ ನಾನು ಬರೀತೀನಿ. ಹೋಗಿ ನೀವು."

ಅವರು ಎದ್ದರು. ಮರ್ಯಾದೆಯಿಂದಲೇ ಎದ್ದರು. ಅಂಗಳ ದಾಟುವಾಗ ಹುಲಿಯಮ್ಮ "ಒಂದು ಕಾಗ್ದ ಬರೆಯೋಕೂ ಆಗಲ್ವಂತೆ ಮಾರಾಯ, ಎಂತ ಕಲ್ಲೋ" ಅಂದದ್ದೂ, ಕೆರಿಯಪ್ಪ ಶ್ ಅಂದದ್ದೂ ಕೇಳಿಸಿತು. ಪುಷ್ಪಮ್ಮ ಮಾತ್ರ ಬಾಗಿಲಲ್ಲೇ ನಿಂತಿದ್ದಳು. "ಅಕ್ಕಾ, ಅವ್ರು ತಿಳೀದೆ..." "ನೀನೂ ಹೋಗು ಪುಷ್ಪಾ" ಅಂದಳು ವಿಶಾಲಮ್ಮ, ಮುಖ ಎತ್ತದೆ. "ಬೋಗುಣಿ ಇನ್ನು ಮುಂದೆ ನನ್ನದು ನಾನೇ ತೊಳ್ಕೊತೀನಿ."

ಖಾನೆ ಎಳೆದು ಕಾಗದ ತೆಗೆದು ಬಿಡಿಸಿದಳು. ಕೊಟ್ಟ ದಿನ ಮೊದಲ ಎರಡು ಸಾಲು ಓದಿ ಮಡಚಿದ್ದು, ಪೂರ್ತಿ ಓದಿರಲೇ ಇಲ್ಲ. ಅದರಲ್ಲಿ ದೊಡ್ಡ ಮನಸ್ಸಿನ ಮಾತೇನಾದರೂ ಇದ್ದು ಅದನ್ನು ಸಹಿಸಬೇಕಾದೀತು ಅನ್ನುವ ಹೆದರಿಕೆ. ಅಂಥದ್ದೇನೂ ಇರಲಿಲ್ಲ. "ಬಿಲ್ಲುಗಳನ್ನು ತಯಾರಿಸುವವರು ಮುಖ್ಯೋಪಾಧ್ಯಾಯಿನಿಯವರು. ಊರಿನ ಹೆಸರು ಬರೆಯುವುದರಲ್ಲಿ ನನ್ನ ಪಾತ್ರವಿಲ್ಲ. ನಾನು ಹಂಗಾಮಿ ಶಿಕ್ಷಕಿ. ನನ್ನನ್ನು ಈ ಸ್ಥಳದಿಂದ ತೆಗೆಯಬಾರದಾಗಿ ಕಾಲಿಗೆ ಬಿದ್ದು ಬೇಡುತ್ತೇನೆ." ಅಷ್ಟೆ. ಇವಳೂ ಹೆದರುತ್ತಾಳೆ, ಇವಳೂ ತಪ್ಪನ್ನು ಇನ್ನೊಬ್ಬರ ಕಡೆಗೆ ತಳ್ಳಿ ತನ್ನ ಜಾಗ ಹಿಡಿದುಕೊಳ್ಳುತ್ತಾಳೆ. ಈ ಮಾತು ಜನವರಿಯಲ್ಲೇ ಗೊತ್ತಾಗಿದ್ದರೆ ಇವಳನ್ನು ಸ್ವಲ್ಪ ಪ್ರೀತಿಸಬಹುದಿತ್ತೇನೋ ಅಂತ ವಿಶಾಲಮ್ಮನಿಗೆ ಅನ್ನಿಸಿತು. ಈಗ ಹೊತ್ತಿಲ್ಲ. ಈಗ ಎದೆಯಲ್ಲಿ ಇರುವುದು ಆ ತಪ್ಪು ನನ್ನದು, ಕೊಡುವುದಿಲ್ಲ ಅನ್ನುವುದೊಂದೇ.

ಅರ್ಜಿಯ ಎಡಗಡೆಯ ಅಂಚಿನಲ್ಲಿ ಷರಾಕ್ಕೆ ಬಿಟ್ಟ ಜಾಗ ನಾಲ್ಕು ಬೆರಳು. ಪರಿಶೀಲಿಸಬಹುದು ಅಂತ ಬರೆದು ಕಳಿಸುವ ಹೆಡ್‌ಮಾಸ್ತರುಗಳಿದ್ದಾರೆ. ಅವಳು ಆ ಜಾಗ ಸಾಲದೆ ಕಾಗದದ ಬೆನ್ನಿಗೂ ಹೋದಳು. ಹೊನ್ನೆಕಡವು ಎಂಬ ಹೆಸರನ್ನು ಇಪ್ಪತ್ತಾರು ತಿಂಗಳೂ ಬಿಲ್ಲಿನಲ್ಲಿ ಬರೆದವಳು ನಾನು. ತಿಳಿದು ಬರೆದೆ. ಯಾರೂ ಬರೆಸಲಿಲ್ಲ. ಇದರಲ್ಲಿ ಶ್ರೀಮತಿ ಪುಷ್ಪಮ್ಮನವರ ಪಾಲು ಏನೂ ಇಲ್ಲ, ಎಳ್ಳಷ್ಟೂ ಇಲ್ಲ. ಆಕೆಯಿಂದ ಮುರಿದುಕೊಂಡದ್ದನ್ನು ಆಕೆಗೆ ಕೊಟ್ಟು, ಇಬ್ಬರದ್ದನ್ನೂ ನನ್ನ ಸಂಬಳದಲ್ಲಿ ಹಿಡಿಯುವುದು. ಏನೂ ಇಲ್ಲ ಅನ್ನುವುದರ ಕೆಳಗೆ ಎರಡು ಗೆರೆ ಎಳೆದಳು, ಲೇಖನಿಯ ಮೊನೆ ಕಾಗದವನ್ನು ಸೀಳಿತು. ಆಫೀಸಿನ ಕಾಗದದಲ್ಲಿ ಎಳ್ಳಿಗೆ ಜಾಗ ಇಲ್ಲ ಅಂತ ಗೊತ್ತಿದ್ದೂ ಅದನ್ನು ಹೊಡೆದುಹಾಕಲಿಲ್ಲ. ಕೊನೆಗೆ ತಾರೀಖು. ಜನವರಿ ಅಂತ ಹಾಕಿಬಿಟ್ಟರೆ ತಡವಾದದ್ದು ಯಾರಿಗೂ ಕಾಣುವುದಿಲ್ಲ, ಅಂಚೆಯವರ ಮೇಲೆ ಹೋಗುತ್ತದೆ. ಇವತ್ತಿನ ತಾರೀಖನ್ನೇ ಹಾಕಿದಳು.

ರಿಪ್ಪನ್‌ಪೇಟೆಯವರೆಗಿನ ಮೂರು ಮೈಲಿಯನ್ನು ಅವಳು ಉರಿಬಿಸಿಲಿನಲ್ಲಿ ಛತ್ರಿ ಬಿಡಿಸದೆ ನಡೆದಳು. ಊಟ ಮಾಡಿರಲಿಲ್ಲ. ಇಷ್ಟು ಹಗುರವಾಗಿ ನಡೆದು ಎಷ್ಟು ವರ್ಷವಾಯಿತು ಅಂದುಕೊಳ್ಳುವಷ್ಟರಲ್ಲಿ ಹಗುರ ಹೋಯಿತು. ಪುಷ್ಪಮ್ಮನಿಗೆ ಮಾಫಿಯಾಗುತ್ತದೆ. ಖಾಯಂ ಆಗುತ್ತದೆ. ಇನ್ನು ಇಪ್ಪತ್ತೈದು ವರ್ಷ ಅವಳು ಅದೇ ಜಗಲಿಯಲ್ಲಿ ಇರುತ್ತಾಳೆ. ನಮ್ಮಕ್ಕೋರು ಗೆದ್ದರು ಅಂತ ಕೆರಿಯಪ್ಪ ಬೆಲ್ಲ ಹಂಚುತ್ತಾನೆ, ಒಂದು ತುಂಡು ಎಲೆಯಲ್ಲಿಟ್ಟು ದೊಡ್ಡಕ್ಕೋರಿಗೂ ತಂದುಕೊಡುತ್ತಾನೆ. ಷರಾದ ಸಾಲನ್ನು ಗಣೇಶಮೂರ್ತಿ ಓದಿ ಫೈಲಿಗೆ ಹಾಕುತ್ತಾನೆ, ಈ ಊರಿನ ಒಂದು ಕಣ್ಣೂ ಅದನ್ನು ಕಾಣುವುದಿಲ್ಲ. ಸೋಮವಾರ ಪುಷ್ಪಮ್ಮ ಹಾಲಿನ ಸಾಲು ಮುಗಿದ ಮೇಲೆ ಬಂದು ಕೇಳುತ್ತಾಳೆ. ಇವತ್ತು ಕಳಿಸಿದೆ ಅಂತ ಹೇಳುವ ಹಾಗಿಲ್ಲ, ಮೂರು ವಾರದ ಹಿಂದೆಯೇ ಕಳಿಸಿ ಆಗಿದೆಯಲ್ಲ. ದಾರಿಯ ಮಧ್ಯೆ ಅವಳು ನಿಂತಳು. ಹಿಂದೆ ತಿರುಗಿದರೆ ಸಂಜೆಯೊಳಗೆ ಮನೆ. ನಿಂತು, ಸೆರಗಿನಿಂದ ಮುಖ ಒರೆಸಿಕೊಂಡು, ಮತ್ತೆ ಪೇಟೆಯ ಕಡೆಗೇ ಹೆಜ್ಜೆ ಹಾಕಿದಳು.

ಅಂಚೆಕಚೇರಿಯಲ್ಲಿ ಹೂವಯ್ಯ ಚೀಲದ ಬಾಯಿಗೆ ದಾರ ಸುತ್ತುತ್ತಿದ್ದ. ಸಾಗರದ ಬಸ್ಸು ಆಗಲೇ ಹೊರಗೆ ನಿಂತು ಹಾರನ್ನು ಹೊಡೆಯುತ್ತಿತ್ತು.

"ರಿಜಿಸ್ಟರ್ ಆಗ್ಬೇಕು" ಅಂದಳು ವಿಶಾಲಮ್ಮ, ಲಕೋಟೆ ಮುಂದಿಟ್ಟು.

"ಈಗ ಬಂದ್ರೆ ಹೆಂಗೆ ಅಕ್ಕೋರೇ, ಚೀಲ ಕಟ್ಟಾಯ್ತಲ್ಲ. ಸೋಮವಾರ ಹಾಕಿದ್ರೆ ಆಗಲ್ವಾ? ಅಷ್ಟು ಅವಸರದ್ದಾ?"

"ಎರಡು ತಿಂಗಳು ತಡ ಆಗಿದೆ."

"ಎರಡು ತಿಂಗಳು!" ಹೂವಯ್ಯ ದಾರದ ತುದಿಯನ್ನು ಹಲ್ಲಿನಿಂದ ಬಿಟ್ಟ. "ಯಾರು ಮಾಡಿದ್ರು ಮಾರಾಯ್ರೇ ಅಷ್ಟು ತಡ?"

"ನಾನು" ಅಂದಳು ವಿಶಾಲಮ್ಮ. "ಬೇಕು ಅಂತಲೇ."

ಅವನು ಒಮ್ಮೆ ಅವಳ ಮುಖ ನೋಡಿದ. ಆಮೇಲೆ ಲಕೋಟೆ ತೂಗಿ, ರಸೀದಿ ಹರಿದು ಕೊಟ್ಟು, ಧಡ್ ಧಡ್ ಅಂತ ಎರಡು ಸಲ ಠಸ್ಸೆ ಒತ್ತಿದ. ದಾರ ಬಿಚ್ಚಿ ಅದನ್ನು ಚೀಲದೊಳಗೆ ಹಾಕಿ, ಮತ್ತೆ ಸುತ್ತಿ, ಅರಗು ಕರಗಿಸಿ ಮುದ್ರೆ ಒತ್ತುವಷ್ಟು ಹೊತ್ತೂ ಅವಳು ಅಲ್ಲೇ ನಿಂತಿದ್ದಳು. ಅವನು ಹೊರಗೆ ಓಡಿ, ಹೊರಟೇಬಿಟ್ಟಿದ್ದ ಬಸ್ಸಿನ ಮಗ್ಗುಲನ್ನು ಅಂಗೈಯಲ್ಲಿ ಬಡಿದು ನಿಲ್ಲಿಸಿ, ಚೀಲವನ್ನು ಡ್ರೈವರನ ಕಾಲ ಹತ್ತಿರ ಎಸೆದ.